ಬೂಕಾ ಅಲ್ಲ, ಬೂಕೊ

ನನ್ನ ಅತ್ತೆ, ಅಪ್ಪನ ಅಕ್ಕ ಯೋಲೆ, ಕೂತು ಊಟ ಮಾಡಿದ್ದನ್ನು ನಾನು ನೋಡಿದ್ದು ಬಹಳ ಕಡಿಮೆ. ತಟ್ಟೆಯನ್ನು ಕಿಟಕಿ ಕಟ್ಟೆಯ ಮೇಲಿಟ್ಟು ಒಂದು ತುತ್ತು ತಿನ್ನುತ್ತಾಳೆ, ಒಲೆಯ ಹತ್ತಿರ ಹೋಗುತ್ತಾಳೆ, ಬಂದು ಇನ್ನೊಂದು ತುತ್ತು ತಿನ್ನುತ್ತಾಳೆ, ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಅಂತ ಬಾಗಿಲು ತೆಗೆದು ನೋಡಿ ಬರುತ್ತಾಳೆ, ಅಷ್ಟರಲ್ಲಿ ಪಾಸ್ತಾ ತಣ್ಣಗಾಗಿರುತ್ತದೆ. ವಯಸ್ಸು ಅರವತ್ತೇಳು. ನಮ್ಮ ಫಾಯೆನ್ಸಾ ಊರಿನ ಒಂದು ಹಣ್ಣಿನ ಗೋದಾಮಿನಲ್ಲಿ ಮೂವತ್ತು ವರ್ಷ ಬೆಲ್ಟಿನ ಮುಂದೆ ನಿಂತು ಪೀಚ್ ಹಣ್ಣು ಆರಿಸಿದವಳು. ದೊಡ್ಡದು ಬಲಕ್ಕೆ, ಸಣ್ಣದು ಎಡಕ್ಕೆ, ಪೆಟ್ಟಾದದ್ದು ಕೆಳಗಿನ ಬುಟ್ಟಿಗೆ. ಆ ಮೆಷಿನ್ನುಗಳ ಸದ್ದಿನಲ್ಲಿ ಪಕ್ಕದವಳ ಜೊತೆ ಮಾತಾಡಬೇಕಾದರೂ ಕಿರುಚಬೇಕಿತ್ತಂತೆ. ಅದಕ್ಕೇ ಇರಬೇಕು, ಅತ್ತೆ ನಮ್ಮ ಮನೆಯ ಅಡುಗೆಮನೆಯಲ್ಲಿ 'ಉಪ್ಪು ಕೊಡು' ಅಂದರೆ ಎದುರು ಮನೆಯವರಿಗೂ ಕೇಳುತ್ತದೆ.

ಗೋದಾಮಿನ ದಿನಗಳಲ್ಲಿ ಅವಳಿಗೆ ಭಾನುವಾರ ಬಂದರೆ ಕಷ್ಟ. ಗೋದಾಮಿಗೆ ರಜೆ, ಕೈಗೆ ಕೆಲಸ ಇಲ್ಲ, ಕಾಲು ಒಂದು ಕಡೆ ನಿಲ್ಲುವುದಿಲ್ಲ. ಮೂವತ್ತಾರನೇ ವಯಸ್ಸಿನಲ್ಲಿ ಒಂದು ಭಾನುವಾರ ನನ್ನ ಅಪ್ಪನ ಸೈಕಲ್ ತೆಗೆದುಕೊಂಡು, ಸೀಟು ಎತ್ತರವಾಯಿತು ಅಂತಲೂ ನೋಡದೆ, ಸೈಕಲ್ ಸಂಘದವರು ಸೇರುವ ಬಾರಿನ ಮುಂದೆ ಹೋಗಿ ನಿಂತಳಂತೆ. ಆಗ ಸಂಘದಲ್ಲಿ ಬರೀ ಗಂಡಸರು. ಬ್ರೆಡ್ ಬುತ್ತಿ ತಂದಿದ್ದೀಯಾ ಅಂತ ಯಾರೋ ಕೇಳಿದರು, ಕಾಫಿ ಮಾಡೋಕೆ ಬಂದಿದ್ದೀಯಾ ಅಂತ ಇನ್ನೊಬ್ಬರು. ಅತ್ತೆ ಅವರ ಹಿಂದೆ ಹೊರಟು, ಮೊನ್ತೆ ತ್ರೆಬ್ಬಿಯೊ ಗುಡ್ಡ ಹತ್ತುವಾಗ ಆ ಇಬ್ಬರನ್ನೂ ದಾಟಿಕೊಂಡು ಹೋದಳು. ಮುಂದಿನ ವಾರ ಅವರೇ ಸೀಟು ತಗ್ಗಿಸಿಕೊಟ್ಟರು.

ಕಳೆದ ಹತ್ತೊಂಬತ್ತು ವರ್ಷಗಳಿಂದ ಅವಳು ಆ ಸಂಘದ ಮುಂದಾಳು. ಅಂದರೆ ಎಲ್ಲರಿಗಿಂತ ಮುಂದೆ ಹೋಗುವವಳು, ವೇಗ ಎಷ್ಟು ಅಂತ ತೀರ್ಮಾನ ಮಾಡುವವಳು. ಎಲ್ಲರಿಗಿಂತ ಹಿಂದೆ ಬರುವವನಿಗೆ ನಮ್ಮಲ್ಲಿ 'ಪೊರಕೆ' ಅಂತ ಹೆಸರು, ಉಳಿದವರನ್ನೆಲ್ಲ ಗುಡಿಸಿಕೊಂಡು ಬರಬೇಕಾದವನು. ನಮ್ಮ ಪೊರಕೆ ಲೋರಿಸ್, ಉದ್ದನೆಯ ಮನುಷ್ಯ, ಅಂಚೆ ಹಂಚುವ ಕೆಲಸ, ಎಂಥಾ ಎದುರುಗಾಳಿಗೂ ತಲೆ ಕೆಡಿಸಿಕೊಳ್ಳದವನು. ಮುಂದಾಳು ಮತ್ತು ಪೊರಕೆಯ ನಡುವೆ ಇಪ್ಪತ್ತೈದು ಜನ, ಇಬ್ಬಿಬ್ಬರ ಸಾಲು, ಎಲ್ಲರಿಗೂ ಒಂದೇ ಹಳದಿ ಅಂಗಿ. ಸಂಘದಲ್ಲಿ ಎರಡೇ ಕಟ್ಟುಪಾಡು. ಸೈಕಲ್ ಹತ್ತಿದ ಮೇಲೆ ಡಾಕ್ಟರಾದರೂ ಅಜ್ಜನಾದರೂ ಎಲ್ಲರೂ 'ನೀನು', 'ನೀವು' ಅಂದವರು ಮುಂದಿನ ಕಾಫಿ ಕೊಡಿಸಬೇಕು. ಇನ್ನೊಂದು, ಒಟ್ಟಿಗೆ ಹೊರಟವರು ಒಟ್ಟಿಗೇ ತಲುಪಬೇಕು.

ಈ ಒಟ್ಟಿಗೆ ತಲುಪುವುದು ಎರಡು ಕೂಗಿನ ಮೇಲೆ ನಿಂತಿದೆ. ರಸ್ತೆಯಲ್ಲಿ ಗುಂಡಿ ಕಂಡರೆ ಮುಂದಿನವರು 'ಬೂಕಾ' ಅಂತ ಕೂಗಿ ಕೈ ತೋರಿಸುತ್ತಾರೆ, ಅದು ಬಾಯಿಂದ ಬಾಯಿಗೆ ಹಿಂದಕ್ಕೆ ಹೋಗುತ್ತದೆ. ಸಾಲಿನಲ್ಲಿ ಯಾರಾದರೂ ಹಿಂದೆ ಬಿದ್ದು ಸಂದು ಬಿಟ್ಟರೆ ಹಿಂದಿನವರು 'ಬೂಕೊ' ಅಂತ ಕೂಗುತ್ತಾರೆ, ಅದು ಬಾಯಿಂದ ಬಾಯಿಗೆ ಮುಂದಕ್ಕೆ ಬರುತ್ತದೆ, ಮುಂದಾಳು ವೇಗ ತಗ್ಗಿಸುತ್ತಾಳೆ. ಬೂಕಾ ಅಂದರೆ ಗುಂಡಿ, ಬೂಕೊ ಅಂದರೆ ಸಂದು. ಹೊರಗಿನವರಿಗೆ ಎರಡೂ ಒಂದೇ ಥರ ಕೇಳುತ್ತೆ, ಆದರೆ ನಮ್ಮವರು ನಿದ್ದೆಯಲ್ಲೂ ತಪ್ಪುವುದಿಲ್ಲ. ಹತ್ತೊಂಬತ್ತು ವರ್ಷದಲ್ಲಿ ಅತ್ತೆ ಒಬ್ಬರನ್ನೂ ಹಿಂದೆ ಬಿಟ್ಟು ಬಂದವಳಲ್ಲ. ಅವಳ ಹೆಮ್ಮೆ ಇಷ್ಟೇ.

ಈ ವರ್ಷ ಮಾರ್ಚಿನಲ್ಲಿ ಅವಳ ಕಿವಿ ಹೋಯಿತು. ಪೂರ್ತಿ ಅಲ್ಲ, ಎದುರಿಗೆ ನಿಂತು ಹೇಳಿದರೆ ತಿಳಿಯುತ್ತಿತ್ತು, ಆದರೆ ಹಿಂದಿನಿಂದ ಬಂದ ಮಾತಿನ ಕೊನೆ ಉದುರಿಹೋಗುತ್ತಿತ್ತು. ಡಾಕ್ಟರು ಒಂದು ಪುಟ್ಟ ಕಿವಿ ಮೆಷಿನ್ ಕೊಟ್ಟರು. ಮನೆಯಲ್ಲಿ ಚೆನ್ನಾಗಿಯೇ ಕೇಳಿಸುತ್ತಿತ್ತು, ಸೈಕಲ್ ಹತ್ತಿದರೆ ಮಾತ್ರ ಗಾಳಿಯ ಸದ್ದು ಜಲಪಾತದ ಹಾಗೆ ಕಿವಿಯೊಳಗೆ ಸುರಿಯುತ್ತಿತ್ತಂತೆ. ಅದಕ್ಕೆ ಅತ್ತೆ ಅದನ್ನು ಕಿತ್ತು ಅಂಗಿಯ ಹಿಂದಿನ ಜೇಬಿಗೆ ಹಾಕಿಕೊಳ್ಳುತ್ತಿದ್ದಳು, ಬಾಳೆಹಣ್ಣಿನ ಪಕ್ಕದಲ್ಲಿ. ಇದು ಗೊತ್ತಿದ್ದದ್ದು ನನಗೊಬ್ಬಳಿಗೇ. ನಾನೂ ನಾಲ್ಕು ವರ್ಷದಿಂದ ಸಂಘದಲ್ಲಿ ಓಡಿಸುತ್ತೇನೆ, ಕಾಲೇಜಿನ ಇನ್ನೊಬ್ಬಳು ಮಾರ್ಜಿಯಾ ಜೊತೆ. ಮೇ ತಿಂಗಳ ಎರಡು ದಿನದ ಪ್ರವಾಸಕ್ಕೆ ಒಂದು ವಾರ ಇದೆ ಅನ್ನುವಾಗ ಅತ್ತೆ ನನ್ನನ್ನು ಮೆಟ್ಟಿಲ ಹತ್ತಿರ ನಿಲ್ಲಿಸಿದಳು.

"ನೀನು ನನ್ನ ಚಕ್ರದ ಹಿಂದೇನೇ ಇರು. ಹಿಂದಿಂದ ಏನು ಬಂದ್ರೂ ಕಿರುಚಿ ಹೇಳು."

"ಎಲ್ರಿಗೂ ಹೇಳ್ಬಿಡೋದು ತಾನೆ, ಅತ್ತೆ?"

"ಹೇಳಿದ್ರೆ ಮುಂದೆ ಬಿಡ್ತಾರಾ? ಇನ್ನೊಬ್ಬರ ಬೆನ್ನು ನೋಡ್ಕೊಂಡು ಹೋಗೋದು ನನ್ ಕೈಲಿ ಆಗಲ್ಲ. ಹುಚ್ಚು ಹಿಡಿಯುತ್ತೆ."

ಆ ವಾರ ಪೂರ್ತಿ ಅವಳಿಗೆ ನಿದ್ದೆ ಇರಲಿಲ್ಲ ಅನ್ನಿಸುತ್ತೆ. ಚೈನಿಗೆ ಎಣ್ಣೆ ಹಾಕಿ ಒರೆಸಿದ್ದೇ ಒರೆಸಿದ್ದು. ರೇಡಿಯೋ ಹಾಕಿ, ಸದ್ದು ತಗ್ಗಿಸಿ, ಕಿವಿ ಒಡ್ಡಿ, ಮತ್ತೆ ಏರಿಸುವಳು. ನನ್ನನ್ನು ಅಂಗಳದ ಆ ಕೊನೆಗೆ ನಿಲ್ಲಿಸಿ ಬೂಕಾ, ಬೂಕೊ ಅಂತ ಕೂಗಿಸಿ ತಾನು ಗೋಡೆಗೆ ಮುಖ ಮಾಡಿ ನಿಂತು ಯಾವುದು ಯಾವುದು ಅಂತ ಹೇಳುವಳು. ಹತ್ತರಲ್ಲಿ ಆರು ಸರಿ. ಮತ್ತೆ ಕೂಗು ಅನ್ನುವಳು. ಮೇಲಿನ ಮನೆಯಾಕೆ ಕಿಟಕಿ ತೆಗೆದು, ಆ ಗುಂಡಿ ಎಲ್ಲಿದೆ ಹೇಳಿ, ನಾನೇ ಮುಚ್ಚಿಸುತ್ತೇನೆ ಅಂದಳು.

ಶನಿವಾರ ಬೆಳಿಗ್ಗೆ ಏಳಕ್ಕೆ ಬಾರಿನ ಮುಂದೆ ಇಪ್ಪತ್ತೇಳು ಜನ. ಈ ಹೊತ್ತು ನನಗೆ ಎಷ್ಟು ಇಷ್ಟ ಅಂದರೆ ಹೇಳೋಕೆ ಬರುವುದಿಲ್ಲ. ನಿಂತೇ ಕುಡಿಯುವ ಕಾಫಿ, ಒಬ್ಬರ ಟಯರನ್ನು ಇನ್ನೊಬ್ಬರು ಹೆಬ್ಬೆರಳಿನಿಂದ ಒತ್ತಿ ನೋಡುವುದು, ಯಾರ ಹೊಟ್ಟೆ ಚಳಿಗಾಲದಲ್ಲಿ ಎಷ್ಟು ಬೆಳೆದಿದೆ ಅಂತ ಅಂಗಿಯ ಜಿಪ್ಪು ನೋಡಿ ಹೇಳುವುದು. ಎಪ್ಪತ್ತನಾಲ್ಕರ ಎಡ್ಗಾರ್ದೊ ಎರಡು ವರ್ಷದ ಹಿಂದೆ ಹೃದಯದ ಆಪರೇಷನ್ ಮಾಡಿಸಿಕೊಂಡವನು, ಡಾಕ್ಟರಿಂದ ಈ ಸಲ ಒಪ್ಪಿಗೆ ತಂದಿದ್ದ. ಚೀಟಿ ತೋರಿಸು ಅಂತ ಎಲ್ಲರೂ ಕಾಡಿಸಿದರು. ತೋರಿಸಿದ. ಸಹಿ ಅವನದೇ ಕೈಬರಹದ ಹಾಗಿದೆ ಅಂತ ಮತ್ತೆ ಕಾಡಿಸಿದರು. ಆಮೇಲೆ ಲೋರಿಸ್ ಹಿಂದಿನಿಂದ ಕೈ ಎತ್ತಿದ, ಅತ್ತೆ ಮುಂದಿನಿಂದ ಕೈ ಎತ್ತಿದಳು, ಐವತ್ತನಾಲ್ಕು ಪೆಡಲು ಒಟ್ಟಿಗೆ ತಿರುಗಿದವು.

ಮೊದಲ ದಿನದ ದಾರಿ ಲಾಮೋನೆ ನದಿಯ ಪಕ್ಕದಲ್ಲಿ ಮರ್ರಾದಿವರೆಗೆ, ಅಲ್ಲಿ ಊಟ, ಆಮೇಲೆ ಕೊಲ್ಲಾ ಘಾಟಿ ಹತ್ತಿ ಆ ಕಡೆ ಬೋರ್ಗೊಗೆ ಇಳಿದು ರಾತ್ರಿಗೆ ಅಲ್ಲೇ ಉಳಿಯುವುದು. ಬ್ರಿಸಿಗೆಲ್ಲಾ ದಾಟುವವರೆಗೂ ನಾನು ಅತ್ತೆಯ ಚಕ್ರದ ಹಿಂದೆ ಅಂಟಿಕೊಂಡೇ ಇದ್ದೆ. ಎರಡು ಸಲ ಬೂಕೊ ಬಂತು, ಎರಡು ಸಲವೂ ಗಂಟಲು ಹರಿಯುವ ಹಾಗೆ ಕಿರುಚಿದೆ, ಎರಡು ಸಲವೂ ಅವಳು ತಲೆ ಆಡಿಸಿ ನಿಧಾನ ಮಾಡಿದಳು. ಆದರೂ ಅವಳ ಭುಜ ಬಿಗಿದೇ ಇತ್ತು. ಪ್ರತಿ ನಿಮಿಷ ತಿರುಗಿ ನೋಡುವಳು. ಮುಂದಾಳು ತಿರುಗಿ ನೋಡಿದರೆ ಹಿಂದಿನವರಿಗೆಲ್ಲ ಗಾಬರಿ, ಸಾಲು ಅಲ್ಲಾಡುತ್ತದೆ. ಇವತ್ತು ಯೋಲೆಗೆ ಯಾರ ಮೇಲೆ ಅನುಮಾನ ಅಂತ ಹಿಂದಿನಿಂದ ಯಾರೋ ಕೇಳಿದರು.

ಆಮೇಲೆ ತಪ್ಪು ಮಾಡಿದವಳು ನಾನು. ಮಾರ್ಜಿಯಾ ಪರೀಕ್ಷೆ ಹಾಲಿನಲ್ಲಿ ನಡೆದ ಒಂದು ಸಂಗತಿ ಹೇಳಲು ಶುರು ಮಾಡಿದಳು, ಅದು ತುಂಬಾ ತಮಾಷೆಯಾಗಿತ್ತು, ಪೂರ್ತಿ ಕೇಳಬೇಕು ಅಂತ ಅವಳ ಪಕ್ಕಕ್ಕೆ ಸರಿದೆ, ಸರಿಯುತ್ತಾ ಸರಿಯುತ್ತಾ ಸಾಲಿನ ನಡುವಿಗೆ ಬಂದುಬಿಟ್ಟೆ. ನನ್ನ ಜಾಗಕ್ಕೆ ಓರಿಯಾನೊ ಹೋದ. ಟೈಲ್ಸ್ ಹಾಕುವ ಕೆಲಸದವನು, ಮಾತೇ ಮೆತ್ತಗೆ, ಅದೂ ಬಾಯಲ್ಲಿ ಒಣ ಅಂಜೂರ.

ಮರ್ರಾದಿಗೆ ಹನ್ನೆರಡು ಕಿಲೊಮೀಟರ್ ಇರುವಾಗ ಎಡ್ಗಾರ್ದೊನ ಚೈನು ಕಳಚಿ ಹಲ್ಲುಚಕ್ರಕ್ಕೂ ಕಡ್ಡಿಗಳಿಗೂ ನಡುವೆ ಸಿಕ್ಕಿಕೊಂಡಿತು. ಅವನು ನಿಂತ, ಜೊತೆಗೆ ಲೋರಿಸ್ ನಿಂತ. ನಿಲ್ಲುವ ಮೊದಲು ಲೋರಿಸ್ ಬೂಕೊ ಅಂತ ಕೂಗಿದ್ದ. ಅದು ನಮ್ಮ ತನಕ ಬಂತು, ನಾನೂ ಕೂಗಿ ಮುಂದಕ್ಕೆ ಕಳಿಸಿದೆ, ಕೊನೆಗೆ ಓರಿಯಾನೊ ಅಂಜೂರ ಅಗಿಯುತ್ತಾ ಅತ್ತೆಗೆ ಹೇಳಿದ. ಎದುರುಗಾಳಿ ಜೋರಾಗಿತ್ತು. ಅತ್ತೆಗೆ ಕೇಳಿಸಿದ್ದು ಬೂಕಾ.

ಅವಳು ಗುಂಡಿ ಹುಡುಕಿದಳು, ಕಾಣಲಿಲ್ಲ, ಆದರೂ ಇದ್ದೇ ಇರಬೇಕು ಅಂತ ಎಡಕ್ಕೆ ಕೈ ತೋರಿಸಿ ತನ್ನ ಗೋದಾಮಿನ ಗಂಟಲಲ್ಲಿ ಬೂಕಾ ಅಂತ ಕೂಗಿದಳು. ಮುಂದಾಳು ಕೂಗಿದ ಮೇಲೆ ಮುಗಿಯಿತು. ಬೂಕಾ, ಬೂಕಾ ಅಂತ ಅದು ಹಿಂದಕ್ಕೆ ಓಡಿತು. ನಾನು ಮುಂದಕ್ಕೆ ಕಳಿಸಿದ್ದ ಬೂಕೊ ಮತ್ತು ಹಿಂದಕ್ಕೆ ಬರುತ್ತಿದ್ದ ಬೂಕಾ ಎರಡೂ ನನ್ನ ತಲೆಯೊಳಗೇ ಡಿಕ್ಕಿ ಹೊಡೆದವು. ನಾನು ಹೇಳಿದ್ದೇ ತಪ್ಪಿರಬೇಕು ಅಂತ ನನಗೆ ಅನ್ನಿಸಿತು. ಪಕ್ಕದವನಿಗೂ ಹಾಗೇ ಅನ್ನಿಸಿತಂತೆ. ಇಪ್ಪತ್ತೈದು ಜನ ತಲೆ ತಗ್ಗಿಸಿ, ಇಲ್ಲದ ಗುಂಡಿಯನ್ನು ಬಳಸಿಕೊಂಡು ಬಲಕ್ಕೆ ಸರಿದು, ಮತ್ತೆ ಎಡಕ್ಕೆ ಬಂದು, ಅದೇ ವೇಗದಲ್ಲಿ ಮುಂದೆ ಹೋದೆವು. ಯಾರೂ ಹಿಂದೆ ತಿರುಗಿ ನೋಡಲಿಲ್ಲ.

ಮರ್ರಾದಿಯ ಚೌಕದಲ್ಲಿ ಅತ್ತೆ ಎಂದಿನಂತೆ ಎಣಿಸಿದಳು. ಇಪ್ಪತ್ತೈದು. ಮತ್ತೆ ಎಣಿಸಿದಳು. ಯಾರು ಯಾರು ಇಲ್ಲ ಅಂತ ಗೊತ್ತಾದ ಕೂಡಲೇ, ಬರ್ತಾರೆ ಬಿಡು, ಲೋರಿಸ್ ಇದ್ದಾನಲ್ಲ ಅಂತ ಎಲ್ಲರೂ ಹೇಳುತ್ತಿದ್ದರೂ, ಸೈಕಲ್ ತಿರುಗಿಸಿ ಬಂದ ದಾರಿಯಲ್ಲೇ ಹೊರಟಳು. ನಾನು ಹಿಂದೆಯೇ ಹೋದೆ. ನಾಲ್ಕು ಕಿಲೊಮೀಟರ್ ಹೋದ ಮೇಲೆ ಇಬ್ಬರೂ ಸಿಕ್ಕರು. ಚೈನು ಬಿಡಿಸಲು ಇಪ್ಪತ್ತು ನಿಮಿಷ ಹಿಡಿಯಿತಂತೆ. ಆಮೇಲೆ ಎಡ್ಗಾರ್ದೊ, ಅವರೆಲ್ಲ ಮುಂದಿನ ತಿರುವಿನಲ್ಲಿ ಕಾಯುತ್ತಿರುತ್ತಾರೆ ಅಂತ, ಲೋರಿಸ್ ಎಷ್ಟು ಬೇಡ ಅಂದರೂ ಕೇಳದೆ ಒಂದೇ ಸಮನೆ ತುಳಿದಿದ್ದ. ತಿರುವಿನ ಮೇಲೆ ತಿರುವು ಬಂತು, ಯಾರೂ ಕಾಯುತ್ತಿರಲಿಲ್ಲ. ಅವನ ಮುಖ ಸುಣ್ಣದ ಹಾಗಿತ್ತು. ಚೌಕಕ್ಕೆ ಬಂದು ಮೆಟ್ಟಿಲ ಮೇಲೆ ಕೂತ. ಯಾರೋ ಸಕ್ಕರೆ ಹಾಕಿದ ಚಹಾ ತಂದರು. ಒಂದು ಗುಟುಕು ಕುಡಿದು ಲೋಟವನ್ನು ಮೆಟ್ಟಿಲ ಮೇಲಿಟ್ಟ.

"ನನ್ನ ಯಾಕ್ ಬಿಟ್ಟೋದೆ, ಯೋಲೆ?" ಅಂತ ಕೇಳಿದ. ಸಿಟ್ಟಿನಿಂದಲ್ಲ. ನಿಜವಾಗಿಯೂ ಅರ್ಥವಾಗದವನ ಹಾಗೆ.

ಅತ್ತೆ ಅವನ ಮುಂದೆ ಆ ಕಡೆ ಈ ಕಡೆ ಓಡಾಡುತ್ತಿದ್ದಳು. ಕೂಗು ತನ್ನವರೆಗೆ ಬರಲೇ ಇಲ್ಲ ಅಂದಳು. ಬಂದಿತ್ತು ಅಂತ ಓರಿಯಾನೊ ಅವಳ ಎದುರು ನಿಂತು ಹೇಳಿದ. ಹಾಗಾದರೆ ಫೋನಾದರೂ ಮಾಡಬೇಕಿತ್ತು ಅಂತ ಅತ್ತೆ ಲೋರಿಸ್ ಕಡೆ ತಿರುಗಿದಳು. ನಾಲ್ಕು ಸಲ ಮಾಡಿದೆ ಅಂದ ಲೋರಿಸ್. ನನ್ನ ಫೋನು ಒಂದು ಸಲವೂ ರಿಂಗಾಗಲಿಲ್ಲ ಅಂತ ಅತ್ತೆ ದನಿ ಏರಿಸಿದಳು. ಲೋರಿಸ್ ವಾದ ಮಾಡುವವನಲ್ಲ. ತನ್ನ ಫೋನು ತೆಗೆದು, ನಾಲ್ಕು ಕರೆ ತೋರಿಸಲು ಹೋದವನು, ಏನನ್ನಿಸಿತೋ, ಇನ್ನೊಂದು ಸಲ ಒತ್ತಿದ.

ಅತ್ತೆಯ ಬೆನ್ನ ಜೇಬಿನಲ್ಲಿ ಫೋನು ರಿಂಗಾಗತೊಡಗಿತು. ಚೌಕದಲ್ಲಿ ಎಲ್ಲರಿಗೂ ಕೇಳಿಸಿತು, ಅಂಗಡಿಯ ಬಾಗಿಲಲ್ಲಿ ನಿಂತ ಬೇಕರಿಯವಳಿಗೂ. ಅತ್ತೆ ಮಾತಾಡುತ್ತಲೇ ಇದ್ದಳು. ಈ ಕಂಪನಿಗಳೇ ಹೀಗೆ, ಬೆಟ್ಟದ ಹತ್ತಿರ ಬಂದರೆ ಸಿಗ್ನಲ್ ಕೊಡುವುದಿಲ್ಲ, ಹೋದ ವರ್ಷವೂ ಹೀಗೇ ಆಗಿತ್ತು ಅಂತ. ಫೋನು ರಿಂಗಾಗುತ್ತಲೇ ಇತ್ತು. ಐದು, ಆರು, ಏಳು. ಎಲ್ಲರೂ ಸುಮ್ಮನೆ ತನ್ನನ್ನೇ ನೋಡುತ್ತಿದ್ದಾರೆ ಅಂತ ಅವಳಿಗೆ ಆಗ ತಿಳಿಯಿತು. ಲೋರಿಸ್‌ನ ಕೈಯಲ್ಲಿದ್ದ ಫೋನು ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು. ಕೈಯನ್ನು ಹಿಂದಕ್ಕೆ ಹಾಕಿ ಜೇಬು ಮುಟ್ಟಿ ನೋಡಿದಳು. ಅದು ಅದುರುತ್ತಿತ್ತು.

"ಮಾರ್ಚಿಂದ," ಅಂದಳು. ಅಷ್ಟೇ ಹೇಳಿದ್ದು. ಕಿವಿ ಮೆಷಿನ್ ತೆಗೆದು ಅಂಗೈ ಮೇಲಿಟ್ಟು ತೋರಿಸಿದಳು. ಅದಕ್ಕೆ ಬಾಳೆಹಣ್ಣು ಮೆತ್ತಿಕೊಂಡಿತ್ತು.

ಎಡ್ಗಾರ್ದೊನನ್ನು ಸೈಕಲ್ ಸಮೇತ ಮಾರ್ಜಿಯಾಳ ಅಪ್ಪ ಕಾರಿನಲ್ಲಿ ಬಂದು ಬೋರ್ಗೊಗೆ ಕರೆದುಕೊಂಡು ಹೋದರು. ನಾವು ಘಾಟಿ ಹತ್ತಿದೆವು. ಅತ್ತೆ ಮುಂದೆಯೇ ಇದ್ದಳು, ಯಾರೂ ಬೇಡ ಅನ್ನಲಿಲ್ಲ, ಆದರೆ ನಾನು ಅವಳ ಹಿಂದೆ ಇದ್ದವಳು ನೋಡಿದೆ, ಇಡೀ ದಾರಿ ಅವಳು ಒಂದೇ ವೇಗದಲ್ಲಿ ಹೋಗಲಿಲ್ಲ. ಬೆಲ್ಟಿನ ಹಾಗೆ ಹೋಗುತ್ತಿದ್ದವಳು ಅವತ್ತು ಒಮ್ಮೆ ಜೋರಾಗಿ ತುಳಿದು, ಒಮ್ಮೆ ತಡೆದು ಹೋದಳು. ಇಳಿಜಾರಿನಲ್ಲಿ ಸಾಮಾನ್ಯವಾಗಿ ಎಲ್ಲ ಚಕ್ರಗಳೂ ಜೀರುಂಡೆಯ ಹಾಗೆ ಒಟ್ಟಿಗೆ ಹಾಡುತ್ತವೆ, ನಾವೂ ಏನಾದರೂ ಕಿರುಚಿಕೊಂಡು ಇಳಿಯುತ್ತೇವೆ. ಅವತ್ತು ಚಕ್ರದ ಸದ್ದು ಮಾತ್ರ.

ಸಂಜೆ ಊಟಕ್ಕೆ ಆಲೂಗಡ್ಡೆ ತುಂಬಿದ ತೊರ್ತೆಲ್ಲಿ ಪಾಸ್ತಾ ಬಂತು. ಎಡ್ಗಾರ್ದೊ ಆಗಲೇ ಸುಧಾರಿಸಿಕೊಂಡು ಎರಡನೇ ತಟ್ಟೆಯಲ್ಲಿದ್ದ. ಅವನನ್ನು ನೋಡಿದ ಮೇಲೆ ಎಲ್ಲರ ನಾಲಿಗೆಯೂ ಸಡಿಲವಾಯಿತು. ತಪ್ಪು ಯೋಲೆಯದಲ್ಲ, ಮಾತಿನದು ಅಂತ ಯಾರೋ ಶುರು ಮಾಡಿದರು. ಬೂಕೊ ಬದಲು ಬೇರೆ ಏನಾದರೂ ಕೂಗಿದರಾಯಿತು. 'ನಿಲ್ಲು' ಅನ್ನೋಣ ಅಂದ ಒಬ್ಬ. ಹಾಗಂದರೆ ಎಲ್ಲರೂ ಒಮ್ಮೆಲೇ ಬ್ರೇಕ್ ಹಾಕಿ ಒಬ್ಬರ ಮೇಲೊಬ್ಬರು ಬೀಳುತ್ತಾರೆ ಅಂತ ಇನ್ನೊಬ್ಬ. ಮಾರ್ಜಿಯಾ ಸೀಟಿ ಊದೋಣ ಅಂದಳು. ಓರಿಯಾನೊ ಬಹಳ ಹೊತ್ತು ಯೋಚಿಸಿ 'ಮೊರ್ತದೆಲ್ಲಾ' ಅಂದ, ಅದು ನಾವು ಬ್ರೆಡ್ಡಿನ ನಡುವೆ ಇಟ್ಟು ತಿನ್ನುವ ಮಾಂಸ, ಎಷ್ಟು ಗಾಳಿಯಿದ್ದರೂ ಆ ಹೆಸರು ಕೇಳಿಸದವರಿಲ್ಲ ಅಂತ ಅವನ ವಾದ. ಹಾಗೆ ಕೂಗಿದರೆ ಎಡ್ಗಾರ್ದೊ ಹಿಂದೆ ಬೀಳುವುದೇ ಇಲ್ಲ ಅಂತ ಲೋರಿಸ್ ಹೇಳಿದ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಕೈ ಎತ್ತಿ ಮತ ಹಾಕುವವರೆಗೂ ಹೋಯಿತು.

ಅತ್ತೆ ಬಾಗಿಲ ಚೌಕಟ್ಟಿಗೆ ಒರಗಿ ನಿಂತೇ ತಿನ್ನುತ್ತಿದ್ದಳು, ಕಿವಿಯಲ್ಲಿ ಮೆಷಿನ್ ಇತ್ತು. ಫೋರ್ಕನ್ನು ತಟ್ಟೆಯಲ್ಲಿ ಇಟ್ಟಳು.

"ನನ್ ಒಂದು ಕಿವಿಗೋಸ್ಕರ ಇಪ್ಪತ್ತಾರು ಜನ ಬಾಯಿ ಬದಲಾಯಿಸ್ಕೋತೀರಾ? ಮುಂದಿನ ವರ್ಷ ಅದೂ ಕೇಳ್ಸಲ್ಲ. ಆಗ ಏನ್ ಕೂಗ್ತೀರಿ?"

ಅವಳು ಹೊರಗೆ ಹೋದಳು. ಆ ಹೋಟೆಲಿನ ಅಂಗಳದಲ್ಲಿ ಇಪ್ಪತ್ತೇಳು ಸೈಕಲ್ ಗೋಡೆಗೆ ಒರಗಿಸಿದ್ದೆವು. ಇನ್ನೂ ಬೆಳಕಿತ್ತು. ಅತ್ತೆ ಅವುಗಳ ಮುಂದೆ ಈ ತುದಿಯಿಂದ ಆ ತುದಿಗೆ ನಡೆದಳು, ತಿರುಗಿ ಬಂದಳು, ಮತ್ತೆ ನಡೆದಳು. ನಾನು ಹೋಗಿ ತಪ್ಪು ನನ್ನದು, ನಾನು ಜಾಗ ಬಿಡಬಾರದಿತ್ತು ಅಂದೆ. ಅವಳು ನಿಲ್ಲಲಿಲ್ಲ. ನೀನು ಇಪ್ಪತ್ತರ ಹುಡುಗಿ, ಗೆಳತಿಯ ಜೊತೆ ಹರಟೆ ಹೊಡೆಯದೆ ನನ್ನ ಕಿವಿಯಾಗಿ ಕೂತಿರು ಅಂತ ಕೇಳಿದ್ದೇ ತಪ್ಪು ಅಂತ ನಡೆಯುತ್ತಲೇ ಹೇಳಿದಳು. ಆಮೇಲೆ ಲೋರಿಸ್ ಹೊರಗೆ ಬಂದ. ಇಬ್ಬರೂ ಏನೋ ಮಾತಾಡಿದರು. ಅವಳೇ ಹೆಚ್ಚು ಮಾತಾಡಿದಳು, ಅವನು ತಲೆ ಆಡಿಸಿದ.

ಬೆಳಿಗ್ಗೆ ಸಾಲು ಕಟ್ಟುವಾಗ ಓರಿಯಾನೊ ಮುಂದೆ ನಿಂತಿದ್ದ, ಎರಡನೆಯವನಾಗಿ ಲೋರಿಸ್, ಕೊನೆಯಲ್ಲಿ ಅತ್ತೆ. ಹಿಂದಿದ್ದರೆ ಯಾವ ಕೂಗೂ ಕೇಳಬೇಕಾಗಿಲ್ಲ, ನೋಡಿದರೆ ಸಾಕು, ಕೂಗಿದರೆ ಸಾಕು ಅಂತ ಹೇಳಿದಳಂತೆ. ಪೊರಕೆ ಹೊಸದು, ಚುಚ್ಚುತ್ತೆ ಹುಷಾರು ಅಂತ ಯಾರೋ ಅಂದರು. ಅವಳ ಮುಂದೆ ಎಡ್ಗಾರ್ದೊ, ಅವನ ಪಕ್ಕ ನಾನು.

ಮೊದಲ ಅರ್ಧ ಗಂಟೆ ನೋಡೋಕಾಗಲಿಲ್ಲ. ಸೀವೆ ನದಿಯ ಪಕ್ಕದ ಸಮತಟ್ಟು ರಸ್ತೆ, ಗಾಳಿಯಿಲ್ಲ, ಅವಳು ಇಷ್ಟಪಡುವಂಥ ದಾರಿ. ನಮ್ಮ ಹಿಂದೆ ಅವಳ ಬ್ರೇಕು ಕಿರ್ ಅನ್ನುತ್ತಲೇ ಇತ್ತು. ಎಡಕ್ಕೆ ಬಂದು ಮುಂದೆ ಇಣುಕುವಳು, ಬಲಕ್ಕೆ ಬಂದು ಇಣುಕುವಳು, ಎರಡು ಸಲ ನಮ್ಮನ್ನು ದಾಟಿಯೇಬಿಟ್ಟು ಬೈದುಕೊಂಡು ಮತ್ತೆ ಹಿಂದಕ್ಕೆ ಸರಿದಳು. ಅಷ್ಟೂ ವರ್ಷ ಅವಳು ನೋಡಿದ್ದು ಖಾಲಿ ರಸ್ತೆ. ಈಗ ಇಪ್ಪತ್ತಾರು ಬೆನ್ನು. ಓರಿಯಾನೊ ತಿರುವನ್ನು ಅಗಲ ತೆಗೆದುಕೊಂಡ ಅಂದಳು, ಮಾರ್ಜಿಯಾಳ ಸೀಟು ಓರೆಯಾಗಿದೆ, ಇದನ್ನ ಇಷ್ಟು ವರ್ಷ ಯಾರೂ ನೋಡಿಲ್ವಾ ಅಂದಳು, ಇವನೇನು ಮದುವೆ ಮೆರವಣಿಗೆ ಹೊರಟಿದ್ದಾನಾ ಅಂದಳು.

ವಿಕ್ಕಿಯೊ ದಾಟಿದ ಮೇಲೆ ಎಡ್ಗಾರ್ದೊನ ಪೆಡಲು ನಿಧಾನವಾಯಿತು. ಅವನು ಹೇಳಲಿಲ್ಲ, ಹೇಳುವವನೂ ಅಲ್ಲ. ನಿನ್ನೆಯ ದಣಿವು ಕಾಲಿನಲ್ಲಿ ಉಳಿದಿತ್ತು. ಮುಂದಿನ ಚಕ್ರಕ್ಕೂ ನಮಗೂ ಎರಡು ಮೀಟರ್ ಸಂದು ಬಿತ್ತು, ಐದಾಯಿತು, ಹತ್ತಾಯಿತು. ನಾನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಬಂತು.

"ಬೂಕೊ."

ಮೂವತ್ತು ವರ್ಷ ಪೀಚ್ ಮೆಷಿನ್ನುಗಳ ಮೇಲೆ ಕೂಗಿದ ಗಂಟಲು ಅದು. ರಸ್ತೆ ಪಕ್ಕದ ಹೊಲದಿಂದ ಪಾರಿವಾಳಗಳು ಎದ್ದವು. ನಾನು ತಿರುಗಿ ನೋಡಿದೆ. ಅತ್ತೆ ಪೆಡಲ್ ಮೇಲೆ ಎದ್ದು ನಿಂತು ಮುಂದೆಯೇ ನೋಡುತ್ತಿದ್ದಳು. ಅವಳು ನೋಡುತ್ತಿದ್ದದ್ದು ಏನು ಅಂತ ನಾನೂ ನೋಡಿದೆ. ಕೂಗು ಮುಂದಕ್ಕೆ ಹೋಗುವುದು ಕಾಣಿಸುತ್ತಿತ್ತು. ಒಂದು ಹೆಲ್ಮೆಟ್ ಮೇಲೆದ್ದಿತು, ಅದರ ಮುಂದಿನದು ಎದ್ದಿತು, ಒಂದೊಂದೇ ಜೋಡಿ ಭುಜ ನೆಟ್ಟಗಾಗುತ್ತಾ, ಕಾಲು ನಿಲ್ಲುತ್ತಾ, ಅದು ತಿರುವಿನವರೆಗೂ ಹೋಗಿ, ಅಷ್ಟು ದೂರದಲ್ಲಿ ಓರಿಯಾನೊ ಎದೆ ಎತ್ತಿ ಕೂತ. ಇಡೀ ಹಳದಿ ಸಾಲು ನಮಗಾಗಿ ನಿಧಾನವಾಗಿ ಹಿಂದಕ್ಕೆ ಬಂದಂತೆ ಆಯಿತು. ಹತ್ತೊಂಬತ್ತು ವರ್ಷ ಅತ್ತೆ ಇದನ್ನು ಕಿವಿಯಿಂದ ಮಾತ್ರ ತಿಳಿದಿದ್ದಳು, ಕಣ್ಣಿಂದ ನೋಡಿರಲಿಲ್ಲ.

ಎಡ್ಗಾರ್ದೊ ಕಿವಿ ಉಜ್ಜಿಕೊಂಡ. "ಕೆಪ್ಪಾಗಿರೋದು ನೀನು ಮಾರಾಯ್ತಿ, ನಾವಲ್ಲ," ಅಂದ.

ಅವಳಿಗೆ ಅದು ಕೇಳಿಸಲಿಲ್ಲ. ಅವಳ ಕಣ್ಣು ಆಗಲೇ ಸಾಲಿನ ನಡುವೆ ಎಲ್ಲೋ ಇತ್ತು. ಅಲ್ಲಿ ಮಾರ್ಜಿಯಾ ಪಕ್ಕದವನಿಗೆ ಏನೋ ಹೇಳುತ್ತಾ ಕೈ ಆಡಿಸುತ್ತಿದ್ದಳು, ಮುಂದಿನ ಚಕ್ರದಿಂದ ಒಂದು ಮೀಟರ್, ಒಂದೂವರೆ ಮೀಟರ್ ದೂರವಾಗುತ್ತಿದ್ದಳು, ಅತ್ತೆ ಮತ್ತೆ ಉಸಿರು ತುಂಬಿಕೊಳ್ಳುತ್ತಿದ್ದಳು.